ಮ್ಯಾನೇಜ್‌ಮೆಂಟ್ ಎಂಜಿನ್ ಪೂರ್ತಿ ತೆಗೆಯಲಾಗದು, ಆದರೆ ಸುಮ್ಮನಾಗಿಸಬಹುದು
ಹಳೆಯ ಲ್ಯಾಪ್‌ಟಾಪ್‌ನಿಂದ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ (ಎಂಇ) ಅನ್ನು, ಅಂದರೆ ಮುಖ್ಯ ಪ್ರೊಸೆಸರ್‌ನಿಂದ ಬೇರೆಯಾಗಿ ಒಳಗೇ ನಡೆಯುವ ಪುಟ್ಟ ಕಂಪ್ಯೂಟರನ್ನು, ಪೂರ್ತಿ ಅಳಿಸಬಹುದೇ ಎಂದು ಕೇಳಿದ್ದೀರಿ. ಆಗದು. 2008ರ ಈಚಿನ ಹೆಚ್ಚಿನ ಇಂಟೆಲ್ ಯಂತ್ರಗಳಲ್ಲಿ ಅದರ ಫರ್ಮ್‌ವೇರ್ (ಚಿಪ್‌ನಲ್ಲೇ ಕೂಡಿಸಿಟ್ಟ ತಂತ್ರಾಂಶ) ತೆಗೆದರೆ ಕಂಪ್ಯೂಟರ್ ಸುಮಾರು 30 ನಿಮಿಷಗಳಲ್ಲಿ ತಾನೇ ಆರಿಹೋಗುತ್ತದೆ, ಇಲ್ಲವೇ ಏಳುವುದೇ ಇಲ್ಲ. ಸುಮ್ಮನಾಗಿಸಲು ಮಾತ್ರ ದಾರಿಯಿದೆ: 2017ರಲ್ಲಿ ಸಂಶೋಧಕರು ಪತ್ತೆಮಾಡಿದ ಹ್ಯಾಪ್ ಬಿಟ್, ಅಂದರೆ ಈ ಎಂಜಿನ್ ಅನ್ನು ನಿಲ್ಲಿಸುವ ಗುಪ್ತ ಸ್ವಿಚ್. ಅಮೆರಿಕ ಸರ್ಕಾರದ ಭದ್ರತಾ ಕಾರ್ಯಕ್ರಮಕ್ಕೆಂದು ಇಟ್ಟಿದ್ದ ಈ ಸ್ವಿಚ್ಚನ್ನು, ಹಣ ಕೊಟ್ಟು ಕೊಂಡ ನಮ್ಮಿಂದ ಏಕೆ ಮುಚ್ಚಿಟ್ಟರು? ನನಗೆ ಇಂದಿಗೂ ಸಿಟ್ಟು ಬರುವುದು ಇಲ್ಲಿಯೇ. ಸುರಕ್ಷತೆಯ ನೆಪವೂ ನಿಲ್ಲುವುದಿಲ್ಲ; ಅದೇ ವರ್ಷ, ಈ ಎಂಜಿನ್ ಮೇಲೆ ನಡೆಯುವ, ಕಂಪ್ಯೂಟರನ್ನು ದೂರದಿಂದಲೇ ನಿರ್ವಹಿಸುವ ಸೌಲಭ್ಯವಾದ ಎಎಂಟಿಯಲ್ಲಿ ಪಾಸ್‌ವರ್ಡ್ ಜಾಗದಲ್ಲಿ ಖಾಲಿ ಉತ್ತರ ಕಳಿಸಿದವರನ್ನೂ ಒಳಬಿಡುವ ದೋಷ ಹೊರಬಿತ್ತು. ಎಂಜಿನ್ ಅನ್ನು ಸುಮ್ಮನಾಗಿಸಲು ಎಂಇ ಕ್ಲೀನರ್ ಎಂಬ ತಂತ್ರಾಂಶ ಬಳಸಿ ನೋಡಿ. ಮೊದಲು ಬಯಾಸ್ ಚಿಪ್‌ನಲ್ಲಿರುವ, ಕಂಪ್ಯೂಟರನ್ನು ಶುರುಮಾಡುವ ತಂತ್ರಾಂಶದ ಒಂದು ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ.