ಕರ್ವ್‌ಬಾಲ್‌ಗೆ ಕೈ ಅರ್ಧ ಗೇಣು ಮೇಲೆ

ಪ್ರಶ್ನೆ: ನನ್ನ ಅಣ್ಣನ ಮಗ ಅಮೆರಿಕದಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು). 16 ವರ್ಷ. "ಅತ್ತೆ, ನೋಡು" ಅಂತ ಯಂತ್ರ ಅಳೆದು ಕೊಟ್ಟ ಅಂಕಿಗಳ ಹಾಳೆ ಕಳಿಸಿದ್ದಾನೆ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ವೇಗ ಇದೆ, ಸ್ಪಿನ್ ಇದೆ, ಆದರೂ ಎದುರಿನವರು ಅವನ ಕರ್ವ್‌ಬಾಲ್‌ಗೆ (ತಿರುಗಿ ಕೆಳಗಿಳಿಯುವ ಎಸೆತ) ಬ್ಯಾಟ್ ಬೀಸುವುದೇ ಇಲ್ಲ, ಫಾಸ್ಟ್‌ಬಾಲ್ (ವೇಗದ ನೇರ ಎಸೆತ) ಬಂದರೆ ಚಚ್ಚುತ್ತಾರೆ. ಇನ್ನೂ ವೇಗ ಹೆಚ್ಚಿಸು, ಅಮೆರಿಕದ ವೃತ್ತಿಪರ ಪಿಚರ್ ಪಾಲ್ ಸ್ಕೀನ್ಸ್ ಹಾಗೆ ಎಸೆ ಅಂತ ಕೋಚ್ ಹೇಳ್ತಾರಂತೆ. ಹೌದಾ?
— ಓದುಗರು, ಶಿರಸಿ

ಉತ್ತರ: ವೇಗದ ಕಾಲಂ ಕೈಯಿಂದ ಮುಚ್ಚಿಕೊಳ್ಳಿ ಮೇಡಂ. ಮೊದಲು ನೋಡಬೇಕಾದ್ದು 'ರಿಲೀಸ್ ಹೈಟ್', ಅಂದರೆ ಚೆಂಡು ಕೈ ಬಿಡುವಾಗ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಅನ್ನೋದು. ಫಾಸ್ಟ್‌ಬಾಲ್‌ಗೆ 5.7 ಅಡಿ, ಕರ್ವ್‌ಬಾಲ್‌ಗೆ 6.1 ಅಡಿ ಇದೆ. (5.7 ಅಂದರೆ 5 ಅಡಿ 7 ಇಂಚು ಅಲ್ಲ, 5 ಅಡಿ 8 ಇಂಚು ಚಿಲ್ಲರೆ.) ವ್ಯತ್ಯಾಸ ಸುಮಾರು ಅರ್ಧ ಗೇಣು. ಕರ್ವ್ ಎಸೆಯುವಾಗ ಹುಡುಗನ ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತಿದೆ, ಬ್ಯಾಟರ್‌ಗೆ ಅಲ್ಲೇ ಗುಟ್ಟು ಗೊತ್ತಾಗುತ್ತಿರಬೇಕು. ಕೈ ಮೇಲಿದ್ದರೆ ಸುಮ್ನೆ ಬಿಡು, ಕೆಳಗಿದ್ದರೆ ಬೀಸು. ನೀವು ಬರೆದ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ, ಅಲ್ವಾ? ಎರಡೂ ಎಸೆತದ ವಿಡಿಯೊ ಅಕ್ಕಪಕ್ಕ ಇಟ್ಟು ನೋಡಲಿ. ತಿರುವು ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಎರಡನ್ನೂ ಒಂದೇ ಕಿಟಕಿಯಿಂದ ಎಂಬಂತೆ ಒಂದೇ ಜಾಗದಿಂದ ಬಿಡುವುದನ್ನು ಕಲಿಯಲಿ.

ಇನ್ನು ಫಾಸ್ಟ್‌ಬಾಲ್‌ನ ಸ್ಪಿನ್. ನಿಮಿಷಕ್ಕೆ 2150 ಸುತ್ತು, ಹದಿಹರೆಯದವನಿಗೆ ಚೆನ್ನಾಗಿಯೇ ಇದೆ. ಆದರೆ ಪಕ್ಕದಲ್ಲೇ 'ಸ್ಪಿನ್ ಎಫಿಶಿಯನ್ಸಿ 68' ಅಂತಿದೆ, ಅಂದರೆ ಸ್ಪಿನ್ನಿನಲ್ಲಿ ಕೆಲಸಕ್ಕೆ ಬರುವ ಪಾಲು ಶೇ. 68 ಅಷ್ಟೇ, ಅದನ್ನು ಯಾರೂ ನೋಡಿದಂತಿಲ್ಲ. ಹಿಮ್ಮುಖವಾಗಿ ಸುತ್ತುವ ಚೆಂಡು ಗಾಳಿಯ ಆಸರೆಯಿಂದ ಕಡಿಮೆ ಬೀಳುತ್ತದೆ, ಮೇಲೇರಿದಂತೆ ಕಾಣುತ್ತದೆ (ನಿಜವಾಗಿ ಏರುವುದಿಲ್ಲ, ಕಣ್ಣಿಗೆ ಹಾಗನ್ನಿಸುತ್ತದೆ ಅಷ್ಟೇ). ಬಂದೂಕಿನ ಗುಂಡಿನ ಹಾಗೆ ಹೋಗುವ ದಿಕ್ಕಿನಲ್ಲೇ ತಿರುಗಿದರೆ ಆ ಲಾಭವಿಲ್ಲ. ಇವನ ಸ್ಪಿನ್ನಿನಲ್ಲಿ ಒಂದಷ್ಟು ಹಾಗೆ ವ್ಯರ್ಥವಾಗುತ್ತಿದೆ. ಒಳ್ಳೆಯ ಫೋರ್‌ಸೀಮ್ (ಮಾಮೂಲಿ ಫಾಸ್ಟ್‌ಬಾಲ್) ಎಸೆತಕ್ಕೆ ಈ ಅಂಕಿ ಸಾಮಾನ್ಯವಾಗಿ 90ರ ಆಸುಪಾಸು ಅಥವಾ ಮೇಲೆ ಇರುತ್ತದೆ. ಕೊನೇ ಗಳಿಗೆಯಲ್ಲಿ ಬೆರಳು ಚೆಂಡಿನ ಹಿಂದಿನಿಂದ ಪಕ್ಕಕ್ಕೆ ಜಾರಿದರೆ ಹೀಗಾಗುತ್ತದೆ. ವೇಗ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ.

ಸ್ಕೀನ್ಸ್ ಉದಾಹರಣೆಗೆ ಬಂದರೆ, ಅವರು 2024ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಪರ ಕಣಕ್ಕಿಳಿದಾಗ 21 ವರ್ಷ. ಆ ವರ್ಷ 133 ಇನ್ನಿಂಗ್ಸ್‌ನಲ್ಲಿ (ಬೇಸ್‌ಬಾಲ್‌ನಲ್ಲಿ ಮೂವರು ಔಟಾದರೆ ಒಂದು ಇನ್ನಿಂಗ್ಸ್ ಮುಗಿಯಿತು) 170 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್. ಫಾಸ್ಟ್‌ಬಾಲ್ ಗಂಟೆಗೆ ಸುಮಾರು 159 ಕಿ.ಮೀ., ನಿಜ. ಆದರೆ ಹೆಸರು ಮಾಡಿದ್ದು 150ರ ಹತ್ತಿರ ಬಂದು ತಟ್ಟನೆ ಕುಸಿಯುವ 'ಸ್ಪ್ಲಿಂಕರ್' ಕೂಡ. ಇವರು ಆಡುವ ಮೇಜರ್ ಲೀಗ್‌ನಲ್ಲಿ (ಅಮೆರಿಕದ ಅಗ್ರ ವೃತ್ತಿಪರ ಲೀಗ್) 2020ರಿಂದ ವೇಗ, ಸ್ಪಿನ್ ಇದನ್ನೆಲ್ಲ ಅಳೆಯುವುದು ಹಾಕ್-ಐ ಕ್ಯಾಮೆರಾಗಳು. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯು ತೀರ್ಪಿಗೆ ನೋಡ್ತೀವಲ್ಲ, ಅದೇ.

ನನಗೆ ನಿಜವಾಗಿ ಗಾಬರಿಯಾದದ್ದು ಹಾಳೆಯ ಕೆಳಭಾಗ ನೋಡಿ. ಮೊದಲ ಇನ್ನಿಂಗ್ಸ್‌ನಲ್ಲಿ ಫಾಸ್ಟ್‌ಬಾಲ್ ಗಂಟೆಗೆ 81 ಮೈಲಿ, ಐದನೆಯದರಲ್ಲಿ 76. ಕೈಯ ಎತ್ತರವೂ 5.8ರಿಂದ 5.5ಕ್ಕೆ ಇಳಿದಿದೆ. ತೋಳು ಸೋತಿದೆ ಅಂತ ಅಂಕಿಗಳೇ ಹೇಳುತ್ತಿವೆ. ಒಟ್ಟು 93 ಎಸೆತ. ಮುಂದಿನ ಪಂದ್ಯದ ತಾರೀಕು ನೋಡಿದರೆ ನಡುವೆ ಎರಡೇ ದಿನ! ಅಮೆರಿಕದ 'ಪಿಚ್ ಸ್ಮಾರ್ಟ್' ಮಾರ್ಗಸೂಚಿ ಪ್ರಕಾರ 15-16 ವಯಸ್ಸಿನವರು ದಿನಕ್ಕೆ 95ಕ್ಕಿಂತ ಹೆಚ್ಚು ಎಸೆಯಬಾರದು, 75 ದಾಟಿದರೆ ನಾಲ್ಕು ದಿನ ವಿಶ್ರಾಂತಿ ಬೇಕು. ಮೊಣಕೈ ಒಳಗಿನ ಲಿಗಮೆಂಟ್ ಹರಿದರೆ ಆಪರೇಷನ್ನೇ ಗತಿಯಾಗಬಹುದು, ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಗಬಹುದು. ನಿಮ್ಮ ಅಣ್ಣನಿಗೆ ಇವತ್ತೇ ಫೋನ್ ಮಾಡಿ. ಕೋಚ್ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಪ್ರಶ್ನೆ: ಮಗಳು ಸಾಫ್ಟ್‌ಬಾಲ್ ಪಿಚರ್. ಕಾರವಾರದಲ್ಲಿ ವೇಗ, ಸ್ಪಿನ್ ಅಳೆಯುವ ಯಂತ್ರ ಎಲ್ಲಿ ತರೋಣ? ಮೊಬೈಲಿನಲ್ಲಿ ಆಗಲ್ವಾ?
— ಓದುಗರು, ಕಾರವಾರ

ಉತ್ತರ: ವೇಗ ಮಟ್ಟಿಗೆ ಆಗುತ್ತದೆ. ಮಾಲಾದೇವಿ ಮೈದಾನದಲ್ಲಿ ಒಳ್ಳೆ ಬಿಸಿಲಿರುವಾಗ ಫೋನನ್ನು ಪಕ್ಕದಲ್ಲಿ ಸ್ಟ್ಯಾಂಡಿಗೆ ಹಾಕಿ, ಸೆಕೆಂಡಿಗೆ 240 ಫ್ರೇಮ್ ಸ್ಲೋಮೋಷನ್‌ನಲ್ಲಿ ತೆಗೆಯಿರಿ. ಚೆಂಡು ಕೈ ಬಿಟ್ಟ ಜಾಗದಿಂದ ಹಿಡಿಯುವವರ ಗ್ಲೌಸಿನವರೆಗೆ ಟೇಪ್ ಹಿಡಿದು ಅಳೆಯಿರಿ, ನಡುವಿನ ಫ್ರೇಮ್ ಎಣಿಸಿ. 12 ಮೀಟರ್‌ಗೆ 120 ಫ್ರೇಮ್ ಆದರೆ ಅರ್ಧ ಸೆಕೆಂಡ್, ಅಂದರೆ ಗಂಟೆಗೆ ಸರಾಸರಿ 86 ಕಿ.ಮೀ. ಚೆಂಡಿನ ಮೇಲೆ ಮಾರ್ಕರ್‌ನಿಂದ ಸುತ್ತಲೂ ಒಂದು ದಪ್ಪ ಗೆರೆ ಎಳೆದರೆ ಅದು ಯಾವ ಕಡೆ ತಿರುಗುತ್ತಿದೆ ಅನ್ನೋದೂ ತಕ್ಕಮಟ್ಟಿಗೆ ಕಾಣುತ್ತದೆ.