ಮೈಲೋಮಾ ಇದ್ದೂ ರಕ್ತದಲ್ಲಿ ಎಂ ಪ್ರೋಟೀನ್ ಕಾಣದಿರುವುದು ಹೇಗೆ?

ಮೈಲೋಮಾ ಅಂದರೆ ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಎಂ ಪ್ರೋಟೀನ್ ಅಂದರೆ ಆ ಕೋಶಗಳು ತಯಾರಿಸುವ ಆಂಟಿಬಾಡಿ. ಕ್ಯಾನ್ಸರ್ ಕೋಶಗಳು ಅದನ್ನು ಹೊರಗೆ ಬಿಡದಿದ್ದರೆ ಹೀಗಾಗುತ್ತದೆ. ಇದೇ ನಾನ್-ಸೆಕ್ರೆಟರಿ ಮೈಲೋಮಾ. ನೂರು ಮೈಲೋಮಾ ರೋಗಿಗಳಲ್ಲಿ ಸುಮಾರು 3 ಜನರಿಗಷ್ಟೇ ಬರುತ್ತದೆ.

ಮೂಳೆಮಜ್ಜೆಯ ಪ್ಲಾಸ್ಮಾ ಕೋಶದ ಕೆಲಸವೇ ಆಂಟಿಬಾಡಿ ತಯಾರಿಸಿ ರಕ್ತಕ್ಕೆ ಕಳಿಸುವುದು. ಮೈಲೋಮಾದಲ್ಲಿ ಒಂದೇ ನಮೂನೆಯದು ರಾಶಿ ಬೀಳುತ್ತದೆ. ಅದೇ ಎಂ ಪ್ರೋಟೀನ್. ನಾನ್-ಸೆಕ್ರೆಟರಿ ಮೈಲೋಮಾ ಇರುವ ಹೆಚ್ಚಿನವರಲ್ಲಿ ತಯಾರಿಕೆ ನಡೆದೇ ಇರುತ್ತದೆ, ಸಾಗಣೆ ಮಾತ್ರ ಕೆಟ್ಟಿರುತ್ತದೆ. ಮಜ್ಜೆಯ ಮಾದರಿಗೆ ವಿಶೇಷ ಬಣ್ಣ ಹಾಕಿದರೆ ಪ್ರೋಟೀನ್ ಕೋಶದೊಳಗೇ ಸಿಕ್ಕಿಕೊಂಡಿರುವುದು ಕಾಣುತ್ತದೆ. ಕೆಲವರಲ್ಲಿ ತಯಾರಿಕೆಯೇ ನಿಂತಿರುತ್ತದೆ. ಹಾಗಾಗಿ ರಕ್ತಪರೀಕ್ಷೆಯೊಂದನ್ನೇ ನಂಬಿ ಸುಮ್ನೆ ಕೂರುವಂತಿಲ್ಲ, ಅಲ್ವಾ?

ಜೀನ್ ಮಟ್ಟದಲ್ಲೂ ಒಂದು ಗುರುತಿದೆ. 11 ಮತ್ತು 14ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿರುವುದು ಇವರಲ್ಲಿ ಜಾಸ್ತಿ. ಆಗ ಕೋಶ ಒಡೆದು ಎರಡಾಗಲು ತಳ್ಳುವ ಸೈಕ್ಲಿನ್ ಡಿ1 ಜೀನ್, ಸದಾ ಚುರುಕಾಗಿರುವ ಆಂಟಿಬಾಡಿ ಜೀನಿನ ಹತ್ತಿರ ಬಂದು ಕೂರುತ್ತದೆ.