ಹಳೆ ಕಾಲದ ಬಾಕ್ಸರ್‌ಗಳ ಕಸರತ್ತನ್ನು ಜಿಮ್ ಇಲ್ಲದೆ ಮನೆಯಲ್ಲೇ ಮಾಡಬಹುದಾ? ಯಾರಾದರೂ ಮಾಡಿದ್ದೀರಾ?

ನಾನು ಮಾಡಿದ್ದೇನೆ. ನಾಲ್ಕು ತಿಂಗಳು, ಬೆಂಗಳೂರಿನ ಬಾಡಿಗೆ ಮನೆ ಟೆರೇಸ್ ಮೇಲೆ. ಮಾಡಬಹುದು, ಆದರೆ ಅವರು ಮಾಡುತ್ತಿದ್ದದ್ದನ್ನು ಹಾಗ್ಹಾಗೇ ಮಾಡೋಕೆ ಹೋಗಬೇಡಿ. ನಾನು ಹಾಗೇ ಶುರು ಮಾಡಿ ಒಂಬತ್ತನೇ ದಿನ ಮೆಟ್ಟಿಲು ಇಳಿಯೋಕಾಗದೆ ಗೋಡೆ ಹಿಡಿದು ಕೂತಿದ್ದೆ.

ನನಗೆ ಹುಚ್ಚು ಹಿಡಿಸಿದ್ದು ರಾಕಿ ಮಾರ್ಸಿಯಾನೊ, ಅಮೆರಿಕದ ಹಳೇ ಬಾಕ್ಸಿಂಗ್ ಚಾಂಪಿಯನ್. 49 ಪಂದ್ಯ, 49 ಗೆಲುವು, 1956ರಲ್ಲಿ ಒಂದೂ ಸೋಲಿಲ್ಲದೆ ನಿವೃತ್ತಿ. ಹೆವಿವೇಟ್, ಅಂದರೆ ಅತಿ ಭಾರದ ಬಾಕ್ಸರ್‌ಗಳ ವಿಭಾಗದ ಲೆಕ್ಕದಲ್ಲಿ ಕುಳ್ಳ, ಕೈಯೂ ಗಿಡ್ಡ. ಅಂಥವನು ದೂರ ನಿಂತು ಹೊಡೆಯೋಕಾಗಲ್ಲ, ನುಗ್ಗುತ್ತಲೇ ಇರಬೇಕು, ಅದಕ್ಕೆ ಬೇಕಾಗಿದ್ದು ದಮ್ಮು. 1952ರಲ್ಲಿ ಆಗಿನ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್ ಎದುರು ಮೊದಲನೇ ಸುತ್ತಿನಲ್ಲೇ ಬಿದ್ದ, ಅಂಕದಲ್ಲೂ ಹಿಂದೆ ಇದ್ದ, ಆಮೇಲೆ 13ನೇ ಸುತ್ತಿನಲ್ಲಿ ಒಂದು ಬಲಗೈ ಏಟು ಕೊಟ್ಟು ಮಲಗಿಸಿಬಿಟ್ಟ. ಆಗ ಚಾಂಪಿಯನ್‌ಶಿಪ್ ಪಂದ್ಯ ಅಂದರೆ 15 ಸುತ್ತು, ಈಗಿನ ಹಾಗೆ 12 ಅಲ್ಲ. ಅವರು ದಿನಾ ಬೆಳಗ್ಗೆ ಮೈಲಿಗಟ್ಟಲೆ ಓಡುತ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತಲ್ವಾ?

ಆದರೆ ಮಾರ್ಸಿಯಾನೊ ತರಬೇತಿಗೆ ಅಂತ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟದ ಗ್ರಾಸಿಂಗರ್ಸ್ ರೆಸಾರ್ಟ್‌ಗೆ ಹೋಗಿ ಅಲ್ಲೇ ಇದ್ದುಬಿಡುತ್ತಿದ್ದ. ಓಡು, ತಿನ್ನು, ಮಲಗು, ಹೊಡಿ. ನನಗೆ ಎಂಟೂವರೆಗೆ ಆಫೀಸ್ ಬಸ್ಸು.

ಮೊದಲನೇ ತಪ್ಪು ಶೂ. ಮೊಹಮ್ಮದ್ ಅಲಿ ಭಾರದ ಬೂಟು ಹಾಕಿಕೊಂಡು ಓಡುತ್ತಿದ್ದ ಅಂತ ಓದಿ, ತಮ್ಮನ ಫ್ಯಾಕ್ಟರಿ ಸೇಫ್ಟಿ ಶೂ ಹಾಕಿಕೊಂಡು ಓಡಿದೆ. ಅದರ ಮೇಲೆ ಸಿಮೆಂಟ್ ನೆಲದಲ್ಲಿ ಬರಿಗಾಲಲ್ಲಿ ಸ್ಕಿಪ್ಪಿಂಗ್. ಮೊಣಕಾಲಿನ ಕೆಳಗೆ ಮುಂದಿನ ಮೂಳೆ ಇದೆಯಲ್ಲ, ಅದನ್ನು ಮುಟ್ಟಿದರೆ ಜೀವ ಹೋಗುತ್ತಿತ್ತು. ಹತ್ತು ದಿನ ಎಲ್ಲ ಬಂದ್. ಈಗ ಮಾಮೂಲಿ ರನ್ನಿಂಗ್ ಶೂ. ಕೆಳಗೆ ಹಳೇ ರಬ್ಬರ್ ಮ್ಯಾಟು. ನೆಗೆಯೋದು ಹಗ್ಗ ಕಾಲಡಿ ನುಸುಳುವಷ್ಟು ಮಾತ್ರ, ಒಂದು ಇಂಚು ಸಾಕು. ಜಾಸ್ತಿ ಎಗರೋದು ಸುಮ್ನೆ ಶೋ.

ಎರಡನೇ ತಪ್ಪು ಮರಳು. ಗೋಣಿಚೀಲಕ್ಕೆ ಮರಳು ತುಂಬಿ ಪಂಚಿಂಗ್ ಬ್ಯಾಗ್ ಮಾಡಿದೆ. ಎರಡೇ ದಿನಕ್ಕೆ ಮರಳೆಲ್ಲ ಕೆಳಗೆ ಕೂತು ಅರ್ಧ ಚೀಲ ಕಲ್ಲಾಯಿತು, ಮೇಲಿನರ್ಧ ಜೋಲುಬಿತ್ತು. ಹೊಟ್ಟೆಗೆ ಹೊಡೆಯೋ ಏಟು ಅಭ್ಯಾಸ ಮಾಡ್ತೀನಿ ಅಂತ ಕೆಳಗೆ ಗುದ್ದಿದ್ದಕ್ಕೆ ಮಣಿಕಟ್ಟು ಊದಿಕೊಂಡು ಒಂದು ವಾರ ಎಡಗೈಯಲ್ಲಿ ಊಟ ಮಾಡಿದೆ. ಮರಳೆಲ್ಲ ಸುರಿದು, ಅಮ್ಮನ ಹಳೇ ಸೀರೆ, ಹರಿದ ಬೆಡ್‌ಶೀಟು, ಬನಿಯನ್ ಎಲ್ಲ ಬಿಗಿಯಾಗಿ ತುರುಕಿದೆ. ಬಟ್ಟೆ ಚೀಲಕ್ಕೆ ಹೊಡೆದರೆ 'ಧಪ್' ಅಂತ ಸದ್ದು ಬರುತ್ತೆ, ಕೈ ನೋಯಲ್ಲ. ಗ್ಲೌಸ್ ಒಳಗೆ ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳಿ. ತಾಗಬೇಕಾಗಿದ್ದು ತೋರುಬೆರಳು, ನಡುಬೆರಳಿನ ಗೆಣ್ಣು. ಮಣಿಕಟ್ಟು ಬಾಗಲೇಬಾರದು.

ಇಷ್ಟೆಲ್ಲ ಆದ ಮೇಲೆ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಬೂಟೂ ಅಲ್ಲ, ಚೀಲವೂ ಅಲ್ಲ, ಗಡಿಯಾರ. ಬಾಕ್ಸಿಂಗ್‌ಗೆ 1867ರ ಕ್ವೀನ್ಸ್‌ಬೆರಿ ನಿಯಮಗಳು ಬಂದಾಗಿನಿಂದ ಒಂದು ಸುತ್ತು ಅಂದರೆ ಮೂರು ನಿಮಿಷ, ಆಮೇಲೆ ಒಂದು ನಿಮಿಷ ವಿಶ್ರಾಂತಿ. ಅದಕ್ಕೆ ಮುಂಚೆ ಯಾರಾದರೂ ಬಿದ್ದರೆ ಸುತ್ತು ಮುಗೀತು ಅಂತ ಲೆಕ್ಕ. ಬಾಕ್ಸರ್‌ಗಳು ಸ್ಕಿಪ್ಪಿಂಗನ್ನೂ ಚೀಲ ಹೊಡೆಯೋದನ್ನೂ ಇದೇ ಅಳತೆಯಲ್ಲಿ ಮಾಡುತ್ತಾರೆ, ಎಷ್ಟು ಸಲ ಅಂತ ಎಣಿಸಲ್ಲ. ಮೂರು ನಿಮಿಷ ಏನು ಮಹಾ ಅನ್ನಿಸುತ್ತೆ. ಮೊದಲನೇ ದಿನ ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಿಗೆ ಯಾರೂ ಇಲ್ಲದೆ ಗಾಳಿಗೆ ಗುದ್ದೋದು, ಮಾಡುವಾಗ ಒಂದು ನಿಮಿಷ ಹತ್ತು ಸೆಕೆಂಡಿಗೆ ನನ್ನ ಕೈ ತಾನಾಗೇ ಸೊಂಟಕ್ಕೆ ಇಳಿದಿತ್ತು. ಗಾಳಿಗೆ! ಪಕ್ಕದ ಮನೆ ಆಂಟಿ ಬಟ್ಟೆ ಒಣಗಿಸುತ್ತಾ "ಯಾರ ಮೇಲಪ್ಪಾ ಸಿಟ್ಟು?" ಅಂದರು, ಉತ್ತರ ಕೊಡೋಕೆ ಉಸಿರಿರಲಿಲ್ಲ.

ಈಗ ನಾನು ಮಾಡೋದು ಇಷ್ಟು. ವಾರಕ್ಕೆ ಮೂರು ದಿನ ಎರಡು ಸುತ್ತು ಹಗ್ಗ, ಎರಡು ಸುತ್ತು ಶ್ಯಾಡೋ, ಮೂರು ಸುತ್ತು ಚೀಲ, ಕೊನೆಗೆ ಹೊಟ್ಟೆಯ ಕಸರತ್ತು. ಬೇರೆ ಎರಡು ದಿನ ನಿಧಾನಕ್ಕೆ ಓಟ, ಮಾತಾಡಿಕೊಂಡು ಓಡಬಹುದಾದಷ್ಟು. ನೀವು ಹೊಸಬರಾದರೆ ಮೊದಲ ಎರಡು ವಾರ ಚೀಲ ಮುಟ್ಟಲೇಬೇಡಿ. ದಂಡ, ಬಸ್ಕಿನೂ ಸೇರಿಸಿದ್ದೇನೆ, ಅದು ದಾವಣಗೆರೆಯಲ್ಲಿ ಗರಡಿಗೆ ಹೋಗುತ್ತಿದ್ದ ಚಿಕ್ಕಪ್ಪನ ಕೃಪೆ. ನನ್ನ ಪಟ್ಟಿ ನೋಡಿ "ಇದ್ರಲ್ಲಿ ಅರ್ಧ ನಾವು ಕೆಮ್ಮಣ್ಣಿನ ಮೇಲೆ ಮಾಡ್ತಿದ್ವಿ, ಅಮೆರಿಕದವನ ಹೆಸರು ಯಾಕೋ ಬೇಕು ನಿನಗೆ" ಅಂತ ನಕ್ಕಿದ್ದರು.

ತೂಕ ಇಳಿದದ್ದು ಎರಡೇ ಕೆಜಿ. ಆದರೆ ಮೂರು ಸುತ್ತು ಮುಗಿಸಿದ ಮೇಲೂ ಕೈ ಗಲ್ಲದ ಹತ್ತಿರವೇ ನಿಂತಿರುತ್ತೆ, ನನಗೆ ಅದೇ ದೊಡ್ಡದು. ಹೊಟ್ಟೆ ಮೇಲೆ ಭಾರದ ಚೆಂಡು ಬೀಳಿಸಿಕೊಳ್ಳೋದು, ತಲೆ ನೆಲಕ್ಕೂರಿ ಕತ್ತಿನ ಮೇಲೆ ಭಾರ ಬಿಡೋದು, ಇವನ್ನು ಹೇಳಿಕೊಡೋರು ಪಕ್ಕದಲ್ಲಿಲ್ಲದೆ ಮಾಡಬೇಡಿ.

ಹಾಂ, ಚೀಲ ನೇತುಹಾಕೋ ಮುಂಚೆ ಮನೆ ಓನರ್‌ನ ಒಂದು ಮಾತು ಕೇಳಿ. ನಾನು ಕೇಳದೆ ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿದ್ದೆ. ನಾನು ಒಂದೊಂದು ಗುದ್ದು ಹಾಕಿದಾಗಲೂ ಕೆಳಗೆ ಅವರ ಬಚ್ಚಲುಮನೆ ಪೈಪು ಗಡಗಡ ಅನ್ನುತ್ತಿತ್ತಂತೆ. ಪಾಪ, ಅವರು ಎರಡು ಸಲ ಪ್ಲಂಬರ್ ಕರೆಸಿದ್ದರು.